ಸೌರಜ್ವಾಲೆಗಳ ಲೆಕ್ಕವನ್ನು ತರಿಸಿ ಓದುವ ಕ್ರಮ

ಪೂರ್ವದಲ್ಲಿ ಜಮೀನಿನ ಎಲ್ಲೆಯನ್ನು ಸರಪಳಿಯಿಂದ ಅಳೆದು, ಬಾಂದುಕಲ್ಲುಗಳನ್ನು ನೆಟ್ಟು, ಅಕ್ಕಪಕ್ಕದ ಹಿಡುವಳಿದಾರರ ಸಮಕ್ಷಮದಲ್ಲಿ ಮಹಜರು ಬರೆಯುವುದು ವಾಡಿಕೆಯಾಗಿದ್ದಿತು. ಸರಪಳಿಯ ಅಳತೆಯಲ್ಲಿ ತಪ್ಪು ಬಿದ್ದರೆ ಅದರ ಕಾರಣವು ಕಣ್ಣಿಗೆ ಕಾಣುತ್ತಿದ್ದಿತು. ಕೊಂಡಿ ಸವೆದಿರಬಹುದು, ಎಳೆದವನು ಸಡಿಲ ಬಿಟ್ಟಿರಬಹುದು, ಇಲ್ಲವೆ ಎಣಿಕೆ ತಪ್ಪಿರಬಹುದು. ಈಗಲಾದರೋ ಅಳತೆಯ ಕೆಲಸದ ಬಹುಭಾಗವು ಆಕಾಶದಲ್ಲಿ ಸುತ್ತುತ್ತಿರುವ ಉಪಗ್ರಹಗಳ ಸಂಕೇತಗಳನ್ನು ಹಿಡಿದು ಸ್ಥಳವನ್ನು ಗೊತ್ತುಮಾಡುವ ಯಂತ್ರಗಳಿಗೆ ಸೇರಿದೆ. ೨೦೨೦ನೆಯ ಇಸವಿ ಏಪ್ರಿಲ್ ೨೪ರಂದು ಆರಂಭವಾದ ಸ್ವಾಮಿತ್ವ ಯೋಜನೆಯ ಪ್ರಕಾರ ಗ್ರಾಮಠಾಣಗಳನ್ನು ಡ್ರೋನುಗಳ ಮೂಲಕ ಅಳೆಯುವ ಕಾರ್ಯವನ್ನು ಮೊದಲು ಕೈಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಔಷಧ ಸಿಂಪಡಿಸುವ ಡ್ರೋನುಗಳೂ ಇದೇ ಸಂಕೇತಗಳನ್ನು ಆಶ್ರಯಿಸಿ ಹೊಲದ ಮೇಲೆ ಸಾಲು ಹಿಡಿದು ಹಾರುತ್ತವೆ.

ಇಂತಹ ಯಂತ್ರದ ಅಳತೆಯಲ್ಲಿ ತಪ್ಪು ಬಿದ್ದರೆ ಅದರ ಕಾರಣವು ಕಣ್ಣಿಗೆ ಕಾಣುವುದಿಲ್ಲ. ಒಬ್ಬನು ಯಂತ್ರವನ್ನು ದೂರುವನು. ಇನ್ನೊಬ್ಬನು ಅಳೆದವನನ್ನು ದೂರುವನು. ವೃತ್ತಪತ್ರಿಕೆಯನ್ನು ಓದಿದ ಮೂರನೆಯವನು, ಸೂರ್ಯನಲ್ಲಿ ಜ್ವಾಲೆ ಎದ್ದುದರಿಂದಲೇ ಹೀಗಾಯಿತೆಂದು ಹೇಳುವನು. ಮಾತಿಗೆ ಮಾತು ಬೆಳೆದು, ಅರ್ಧ ಗುಂಟೆಯ ಸಂದೇಹವು ಎರಡು ಮನೆತನಗಳ ವ್ಯಾಜ್ಯವಾಗುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಆದರೆ ಈ ಮೂರನೆಯವನ ಮಾತು ನಿಜವೋ ಅಲ್ಲವೋ ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಕಾದ ಅಗತ್ಯವಿಲ್ಲ. ಸೂರ್ಯನಲ್ಲಿ ಜ್ವಾಲೆಗಳೆದ್ದ ವೇಳೆಯನ್ನೂ ಅವುಗಳ ಬಲವನ್ನೂ ಉಪಗ್ರಹಗಳು ಎಡೆಬಿಡದೆ ಅಳೆಯುತ್ತಿವೆ. ಆ ಲೆಕ್ಕವು ಯಾರಿಗಾದರೂ ಹಣವಿಲ್ಲದೆ ದೊರೆಯತಕ್ಕದ್ದಾಗಿದೆ. ಅದನ್ನು ತರಿಸುವ ಸಾಧನ ಯಾವುದು, ಬಂದ ಲೆಕ್ಕವನ್ನು ಓದುವ ಬಗೆ ಹೇಗೆ, ಅದರಿಂದ ಯಾವ ಮಾತನ್ನು ಹೇಳಬಹುದು ಮತ್ತು ಯಾವುದನ್ನು ಹೇಳಕೂಡದು ಎಂಬ ವಿಷಯಗಳು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ತಿಳಿದಿರುವುದು ಯುಕ್ತವಾದುದರಿಂದ ಅವುಗಳನ್ನು ಈ ಪಾಠದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಸೌರಜ್ವಾಲೆ ಎಂದರೇನು

ಸೂರ್ಯನ ಮೇಲ್ಮೈಯಲ್ಲಿ ಕಾಣುವ ಕಪ್ಪು ಕಲೆಗಳು ಬಲವಾದ ಕಾಂತಶಕ್ತಿ ತುಂಬಿದ ಎಡೆಗಳು. ಅಲ್ಲಿ ತಿರುಚಿಕೊಂಡು ಬಿಗಿದ ಕಾಂತರೇಖೆಗಳು ಒಮ್ಮೆಗೇ ಕಡಿದು ಬೇರೆ ಬಗೆಯಾಗಿ ಕೂಡಿಕೊಂಡಾಗ, ಸಂಗ್ರಹವಾಗಿದ್ದ ಶಕ್ತಿಯು ಬೆಳಕು, ಕ್ಷ-ಕಿರಣ, ರೇಡಿಯೋ ತರಂಗ ಮುಂತಾದ ರೂಪಗಳಲ್ಲಿ ಹೊರಬೀಳುತ್ತದೆ. ಇದೇ ಸೌರಜ್ವಾಲೆ. ಕೆಲವು ನಿಮಿಷಗಳಿಂದ ಕೆಲವು ಘಂಟೆಗಳವರೆಗೆ ಇದು ಇರುವುದುಂಟು. ೧೮೫೯ನೆಯ ಇಸವಿ ಸೆಪ್ಟೆಂಬರ್ ೧ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್‌ಟನ್ ಎಂಬ ವಿದ್ವಾಂಸನು ಸೂರ್ಯನ ಕಲೆಗಳ ಚಿತ್ರವನ್ನು ಬರೆಯುತ್ತಿದ್ದಾಗ ಎರಡು ಬಿಳಿಯ ಹೊಳಪುಗಳು ಹೊಮ್ಮಿ ಸುಮಾರು ಐದು ನಿಮಿಷಗಳಲ್ಲಿ ಮರೆಯಾದುದನ್ನು ಕಂಡನು. ರಿಚರ್ಡ್ ಹಾಡ್ಜ್‌ಸನ್ ಎಂಬಾತನು ಬೇರೆ ಸ್ಥಳದಿಂದ ಅದನ್ನೇ ಕಂಡಿದ್ದನು. ಸೌರಜ್ವಾಲೆಯನ್ನು ಕಂಡು ಬರೆದಿಟ್ಟವರಲ್ಲಿ ಇವರಿಬ್ಬರೇ ಮೊದಲಿಗರು. ಒಂದು ದಿನ ತುಂಬುವುದರೊಳಗಾಗಿ ಭೂಮಿಯ ಕಾಂತಸೂಜಿಗಳೆಲ್ಲ ತತ್ತರಿಸಿ, ಯೂರೋಪು ಅಮೆರಿಕಾಗಳ ತಂತಿ ಕಛೇರಿಗಳಲ್ಲಿ ಕೆಲಸ ಕೆಟ್ಟಿತು.

ಈ ಸಂಗತಿಯಲ್ಲಿಯೇ ಮುಖ್ಯವಾದ ಒಂದು ಭೇದವು ಅಡಗಿದೆ. ಸೂರ್ಯನಿಂದ ಬರತಕ್ಕ ಉಪದ್ರವವು ಒಂದೇ ಬಗೆಯದಲ್ಲ. ಮೊದಲನೆಯದು ಜ್ವಾಲೆಯ ಬೆಳಕು ಮತ್ತು ಕ್ಷ-ಕಿರಣ. ಇವು ಸುಮಾರು ೧೫ ಕೋಟಿ ಕಿಲೋಮೀಟರು ದೂರವನ್ನು ೮ ನಿಮಿಷ ೨೦ ಸೆಕೆಂಡುಗಳಲ್ಲಿ ದಾಟಿ ಬರುತ್ತವೆ. ಎರಡನೆಯದು ಕೆಲವು ಜ್ವಾಲೆಗಳೊಡನೆ ಸೂರ್ಯನು ಹೊರಚೆಲ್ಲುವ ದ್ರವ್ಯರಾಶಿ. ಅದು ಭೂಮಿಯ ಕಡೆಗೆ ಹೊರಟಿದ್ದರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳೊಳಗೆ ಬಂದು ತಾಗಿ ಕಾಂತಕ್ಷೋಭೆಯನ್ನು ಉಂಟುಮಾಡುತ್ತದೆ. ಮೊದಲನೆಯದು ದೂರದ ಮಿಂಚಿನಂತೆ ಕ್ಷಣದಲ್ಲಿ ಬರುವುದು. ಎರಡನೆಯದು ಮೇಲಿನ ಸೀಮೆಯಲ್ಲಿ ಮಳೆಯಾಗಿ ಮಾರನೆಯ ದಿನ ಹೊಳೆಯಲ್ಲಿ ಇಳಿದು ಬರುವ ಪ್ರವಾಹದಂತೆ ತಡೆದು ಬರುವುದು. ಎಲ್ಲ ಜ್ವಾಲೆಗಳೊಡನೆಯೂ ಈ ಪ್ರವಾಹವು ಹೊರಡುವುದಿಲ್ಲ. ಹೊರಟದ್ದೆಲ್ಲ ಭೂಮಿಯ ಕಡೆಗೆ ಬರುವುದೂ ಇಲ್ಲ.

ಜ್ವಾಲೆಯ ಅಳತೆ ಮತ್ತು ತರಗತಿಗಳು

ಅಮೆರಿಕಾ ದೇಶದ ಗೋಸ್ ಎಂಬ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ನಿಂತಂತೆ ಇದ್ದು ಸೂರ್ಯನಿಂದ ಬರುವ ಕ್ಷ-ಕಿರಣಗಳನ್ನು ಅಳೆಯುತ್ತಲಿವೆ. ೧ರಿಂದ ೮ ಆಂಗ್‌ಸ್ಟ್ರಂ ತರಂಗಮಾನದ ಕಿರಣಗಳ ಅತ್ಯುಚ್ಚ ಬಲವನ್ನು ನೋಡಿ ಜ್ವಾಲೆಗೆ ಎ, ಬಿ, ಸಿ, ಎಂ, ಎಕ್ಸ್ ಎಂಬ ಐದು ತರಗತಿಗಳಲ್ಲಿ ಒಂದನ್ನು ಕೊಡುವರು. ಬಿಡಿ, ಹತ್ತು, ನೂರು ಎಂಬ ಸ್ಥಾನಗಳಂತೆ ಒಂದೊಂದು ತರಗತಿಯೂ ಹಿಂದಿನದಕ್ಕಿಂತ ಹತ್ತರಷ್ಟು ದೊಡ್ಡದು. ಅಕ್ಷರದ ಮುಂದಿನ ಅಂಕಿಯು ಆ ತರಗತಿಯ ಎಷ್ಟು ಪಾಲೆಂಬುದನ್ನು ತಿಳಿಸುತ್ತದೆ. ಎಂ ೫ ಎಂಬುದು ಎಕ್ಸ್ ೧ರ ಅರ್ಧ, ಎಕ್ಸ್ ೮.೭ ಎಂಬುದು ಎಂ ೧ರ ೮೭ರಷ್ಟು.

ಎಕ್ಸ್ ೧ ಎಂದರೆ ಚದರ ಮೀಟರಿಗೆ ಒಂದು ವಾಟಿನ ಹತ್ತು ಸಾವಿರದಲ್ಲಿ ಒಂದು ಪಾಲು. ವಾಯುಮಂಡಲದ ಮೇಲ್ಗಡೆ ಬೀಳುವ ಬಿಸಿಲಿನ ಬಲವು ಚದರ ಮೀಟರಿಗೆ ಸುಮಾರು ೧,೩೬೧ ವಾಟು. ಅಂದರೆ ದೊಡ್ಡದೆಂದು ಹೇಳುವ ಜ್ವಾಲೆಯ ಈ ಕ್ಷ-ಕಿರಣವು ಬಿಸಿಲಿನ ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ. ಇದು ನೆಲವನ್ನು ತಲಪುವುದೂ ಇಲ್ಲ. ಮೇಲಿನ ವಾಯುವೇ ಇದನ್ನು ಹೀರಿಬಿಡುತ್ತದೆ. ಹೀಗೆ ಹೀರಿದಾಗ ಅಲ್ಲಿಯ ಅಯಾನುಮಂಡಲ, ಎಂದರೆ ವಿದ್ಯುತ್ಕಣಗಳಿಂದ ಕೂಡಿದ ಮೇಲಿನ ವಾಯುಪದರ, ವ್ಯತ್ಯಾಸಗೊಳ್ಳುತ್ತದೆ. ಯಂತ್ರಗಳಿಗೆ ತೊಂದರೆಯು ಬರುವುದು ಈ ಮಾರ್ಗದಿಂದಲೇ.

ರೇಡಿಯೋ ಸಂಪರ್ಕಕ್ಕೆ ಆಗುವ ಅಡಚಣೆಯನ್ನು ಅಮೆರಿಕಾದವರು ಐದು ಮೆಟ್ಟಲುಗಳಾಗಿ ಎಣಿಸುತ್ತಾರೆ. ಎಂ ೧ರಿಂದ ಅಲ್ಪ, ಎಂ ೫ರಿಂದ ಮಧ್ಯಮ, ಎಕ್ಸ್ ೧ರಿಂದ ಪ್ರಬಲ, ಎಕ್ಸ್ ೧೦ರಿಂದ ತೀವ್ರ, ಎಕ್ಸ್ ೨೦ರಿಂದ ಅತಿತೀವ್ರ. ಎ, ಬಿ, ಸಿ ತರಗತಿಯ ಜ್ವಾಲೆಗಳನ್ನು ಹೊಲದ ಕೆಲಸದ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಲೆಕ್ಕವನ್ನು ತರುವ ಸಾಧನ

ಗಣಕಯಂತ್ರಕ್ಕೆ ಕ್ರಮವಾಗಿ ಬರೆದುಕೊಟ್ಟ ಆಜ್ಞೆಗಳ ಕಟ್ಟಿಗೆ ತಂತ್ರಾಂಶವೆಂದು ಹೆಸರು. ಸೂರ್ಯನ ವಿಷಯವಾಗಿ ಶಾಸ್ತ್ರಜ್ಞರು ಉಪಯೋಗಿಸುವ ತಂತ್ರಾಂಶಗಳಲ್ಲಿ ಸನ್‌ಪೈ ಎಂಬುದು ಪ್ರಸಿದ್ಧವಾದುದು. ಇದು ಪೈಥಾನ್ ಎಂಬ ಗಣಕಭಾಷೆಯಲ್ಲಿ ಬರೆಯಲ್ಪಟ್ಟಿದೆ. ಇದರ ರಚನೆಯು ೨೦೧೧ರಲ್ಲಿ ಮೊದಲಾಗಿ, ೧.೦ ಎಂಬ ಪೂರ್ಣರೂಪವು ೨೦೧೯ರಲ್ಲಿ ಹೊರಬಂದಿತು. ಇದಕ್ಕೆ ಬೆಲೆಯಿಲ್ಲ, ಒಳಗಿನ ಬರೆವಣಿಗೆಯನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು.

ಸನ್‌ಪೈಯಲ್ಲಿ ದತ್ತಾಂಶವನ್ನು ಹುಡುಕಿ ತರುವ ಭಾಗಕ್ಕೆ ಫೈಡೋ ಎಂದು ಹೆಸರು. ಇಂಗ್ಲಿಷರಲ್ಲಿ ನಾಯಿಗೆ ಇಡುವ ಹಳೆಯ ಹೆಸರು ಇದು. ಎಸೆದುದನ್ನು ಕಚ್ಚಿ ತರುವ ನಾಯಿಯಂತೆ ಇದು ಹಲವು ದೇಶಗಳ ಭಂಡಾರಗಳಿಗೆ ಹೋಗಿ ಕೇಳಿದುದನ್ನು ತರುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಆಜ್ಞೆಗಳು. ಸರ್ಚ್ ಎಂಬುದು ಹುಡುಕುವ ಆಜ್ಞೆ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಉಪಕರಣದ ಅಳತೆ ಅಥವಾ ಯಾವ ಬಗೆಯ ಘಟನೆ ಎಂಬುದನ್ನು ತಿಳಿಸಿದರೆ ದೊರೆಯತಕ್ಕದ್ದರ ಪಟ್ಟಿಯು ಬರುತ್ತದೆ. ಫೆಚ್ ಎಂಬುದು ತರುವ ಆಜ್ಞೆ. ಅದನ್ನು ಕೊಟ್ಟ ಮೇಲೆ ಅಳತೆಯ ಕಡತಗಳು ಗಣಕಯಂತ್ರಕ್ಕೆ ಬಂದು ಸೇರುತ್ತವೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಫೈಡೋ ಗೋಸ್ ಉಪಗ್ರಹದ ಅಳತೆಗಳನ್ನು ತರುವುದು ಶೋಧಿಸಿ ಜೋಡಿಸಿಟ್ಟ ಭಂಡಾರದಿಂದ. ನಿನ್ನೆ ಮೊನ್ನೆಯ ಲೆಕ್ಕವು ಆ ಭಂಡಾರಕ್ಕೆ ಇನ್ನೂ ಸೇರದೆ ಇರಬಹುದು. ಇತ್ತೀಚಿನ ಲೆಕ್ಕ ಬೇಕಾದವರು ಕೊಲೊರಾಡೋ ಪ್ರಾಂತದ ಬೋಲ್ಡರ್ ನಗರದಲ್ಲಿರುವ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರದವರು ಪ್ರಕಟಿಸುವ ಪಟ್ಟಿಗಳನ್ನು ನೋಡಬೇಕು. ಕ್ಷ-ಕಿರಣದ ಅಳತೆಗಳನ್ನು ಆರು ಘಂಟೆ, ಒಂದು ದಿನ, ಮೂರು ದಿನ, ಏಳು ದಿನ ಎಂದು ನಾಲ್ಕು ಪಟ್ಟಿಗಳಾಗಿ ಆ ಕೇಂದ್ರವು ಕೊಡುತ್ತದೆ; ಜ್ವಾಲೆಗಳನ್ನೇ ಆರಿಸಿದ ಏಳು ದಿನಗಳ ಪಟ್ಟಿಯೊಂದೂ ತೀರ ಈಚಿನ ಜ್ವಾಲೆಯ ಪಟ್ಟಿಯೊಂದೂ ಪ್ರತ್ಯೇಕವಾಗಿವೆ. ಪೈಥಾನ್ ಬಲ್ಲವನು ಒಂದೆರಡು ಸಾಲು ಬರೆದರೆ ಇವುಗಳನ್ನು ತಖ್ತೆಯ ರೂಪದಲ್ಲಿ ಮುಂದಿಡಬಹುದು. ಏಳು ದಿನಗಳಾದ ಮೇಲೆ ಹಳೆಯ ಸಾಲುಗಳು ಈ ಪಟ್ಟಿಯಿಂದ ಇಳಿದುಹೋಗುತ್ತವೆ. ಆದಕಾರಣ ಅಳತೆ ನಡೆದ ವಾರದಲ್ಲಿಯೇ ಪಟ್ಟಿಯನ್ನು ತರಿಸಿ ಕಾಗದದ ಮೇಲೆ ಇಳಿಸಿಕೊಂಡು ಮಹಜರಿನೊಡನೆ ಇಡುವುದು ಮೇಲು.

ಹಳೆಯ ದಿನಗಳ ಜ್ವಾಲೆಗಳ ಪಟ್ಟಿ ಬೇಕಾದರೆ ಫೈಡೋ ಮೂಲಕವೇ ಸೌರಘಟನೆಗಳ ಜ್ಞಾನಕೋಶವನ್ನು ಕೇಳಬಹುದು. ಅಲ್ಲಿ ಹಲವು ವೀಕ್ಷಕರ ವರದಿಗಳು ಒಟ್ಟಿಗೆ ಇರುವುದರಿಂದ ಒಂದೇ ಜ್ವಾಲೆಯು ಎರಡು ಮೂರು ಸಾಲುಗಳಲ್ಲಿ ಬರುವುದುಂಟು. ಅವನ್ನು ಎರಡು ಮೂರು ಜ್ವಾಲೆಗಳೆಂದು ಎಣಿಸಕೂಡದು. ಅಮೆರಿಕಾದ ನಾಸಾ ಸಂಸ್ಥೆಯವರು ಡಾಂಕಿ ಎಂಬ ಇನ್ನೊಂದು ಲೆಕ್ಕಪುಸ್ತಕವನ್ನು ಇಟ್ಟಿದ್ದಾರೆ. ಅದರಲ್ಲಿ ಜ್ವಾಲೆಯೊಡನೆ ಹೊರಟ ದ್ರವ್ಯರಾಶಿ, ಅನಂತರ ಬಂದ ಕಾಂತಕ್ಷೋಭೆ ಇವುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ತೋರಿಸಿರುವುದರಿಂದ ಹೊಲದ ಕೆಲಸದವರಿಗೆ ಅದು ಹೆಚ್ಚು ಪ್ರಯೋಜನಕರ.

ತಖ್ತೆಯನ್ನು ಓದುವ ಕ್ರಮ

ಏಳು ದಿನಗಳ ಪಟ್ಟಿಯ ಪ್ರತಿ ಸಾಲಿನಲ್ಲಿಯೂ ಮುಖ್ಯವಾದ ಅಂಕಣಗಳು ಐದು: ಜ್ವಾಲೆ ತೊಡಗಿದ ವೇಳೆ, ಅತ್ಯುಚ್ಚಕ್ಕೆ ಏರಿದ ವೇಳೆ, ಆಗಿನ ತರಗತಿ, ಮುಗಿದ ವೇಳೆ, ಅಳೆದ ಉಪಗ್ರಹದ ಸಂಖ್ಯೆ. ಮುಗಿದ ವೇಳೆಯೆಂದರೆ ಕ್ಷ-ಕಿರಣವು ಪೂರ್ಣವಾಗಿ ಅಡಗಿದ ವೇಳೆಯಲ್ಲ. ಅದು ಅತ್ಯುಚ್ಚದಿಂದ ಅರ್ಧಕ್ಕೆ ಇಳಿದ ವೇಳೆ. ಇನ್ನೂ ನಡೆಯುತ್ತಿರುವ ಜ್ವಾಲೆಗೆ ಮುಗಿದ ವೇಳೆಯು ಬರೆದಿರುವುದಿಲ್ಲ. ಈ ಪಟ್ಟಿಯ ಅಂಕಿಗಳು ತಾತ್ಕಾಲಿಕವಾದುದರಿಂದ ಮುಂದೆ ತಿದ್ದಲ್ಪಡಬಹುದು.

ಎಲ್ಲಕ್ಕಿಂತ ಹೆಚ್ಚಿನ ತಪ್ಪು ಆಗುವುದು ವೇಳೆಯ ವಿಷಯದಲ್ಲಿ. ತಖ್ತೆಯಲ್ಲಿರುವುದು ಭಾರತದ ಕಾಲವಲ್ಲ, ಸಾರ್ವತ್ರಿಕ ಕಾಲ. ಅದಕ್ಕೆ ೫ ಘಂಟೆ ೩೦ ನಿಮಿಷಗಳನ್ನು ಕೂಡಿಸಿದರೆ ಭಾರತದ ಕಾಲವು ದೊರೆಯುತ್ತದೆ. ಕೂಡಿಸಿದಾಗ ೨೪ ಘಂಟೆಗಳನ್ನು ಮೀರಿದರೆ ತಾರೀಖು ಮುಂದಿನದಾಗುತ್ತದೆ. ಆಮೇಲೆ ಆ ವೇಳೆಯಲ್ಲಿ ಇಲ್ಲಿ ಹಗಲೋ ರಾತ್ರಿಯೋ ಎಂಬುದನ್ನು ನೋಡಬೇಕು. ಜ್ವಾಲೆಯ ಬೆಳಕು ಬೀಳುವುದು ಸೂರ್ಯನ ಕಡೆಗೆ ಮುಖಮಾಡಿರುವ ಅರ್ಧಗೋಳದ ಮೇಲೆ ಮಾತ್ರ. ರಾತ್ರಿಯ ಪಾಲಿನಲ್ಲಿರುವ ದೇಶಕ್ಕೆ ಅದರ ನೇರವಾದ ಬಾಧೆ ಇರುವುದಿಲ್ಲ. ೨೦೨೪ನೆಯ ಇಸವಿಯ ಐದು ದೊಡ್ಡ ಜ್ವಾಲೆಗಳನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಲೆಕ್ಕವನ್ನು ಕೆಳಗೆ ತೋರಿಸಿದೆ. ವೇಳೆಯು ಅತ್ಯುಚ್ಚದ್ದು.

(೧) ಫೆಬ್ರವರಿ ೨೨, ಸಾರ್ವತ್ರಿಕ ಕಾಲ ೨೨-೩೪. ತರಗತಿ ಎಕ್ಸ್ ೬.೩. ಭಾರತದಲ್ಲಿ ಫೆಬ್ರವರಿ ೨೩, ಬೆಳಗಿನ ಜಾವ ೪-೦೪. ಸೂರ್ಯೋದಯಕ್ಕೆ ಮುಂಚೆ, ನೇರ ಬಾಧೆಯಿಲ್ಲ.

(೨) ಮೇ ೬, ಸಾರ್ವತ್ರಿಕ ಕಾಲ ೬-೩೫. ತರಗತಿ ಎಕ್ಸ್ ೪.೫. ಭಾರತದಲ್ಲಿ ಅದೇ ದಿನ ಮಧ್ಯಾಹ್ನ ೧೨-೦೫. ಸೂರ್ಯನು ನೆತ್ತಿಯ ಮೇಲೆ, ಪೂರ್ಣ ಬಾಧೆ.

(೩) ಮೇ ೧೧, ಸಾರ್ವತ್ರಿಕ ಕಾಲ ೧-೨೩. ತರಗತಿ ಎಕ್ಸ್ ೫.೮. ಭಾರತದಲ್ಲಿ ಅದೇ ದಿನ ಬೆಳಗ್ಗೆ ೬-೫೩. ಎಳೆ ಬಿಸಿಲು, ಬಾಧೆ ಕಡಿಮೆ.

(೪) ಮೇ ೧೪, ಸಾರ್ವತ್ರಿಕ ಕಾಲ ೧೬-೫೧. ತರಗತಿ ಎಕ್ಸ್ ೮.೭. ಭಾರತದಲ್ಲಿ ಅದೇ ದಿನ ರಾತ್ರಿ ೧೦-೨೧. ನೇರ ಬಾಧೆಯಿಲ್ಲ.

(೫) ಅಕ್ಟೋಬರ್ ೩, ಸಾರ್ವತ್ರಿಕ ಕಾಲ ೧೨-೧೮. ತರಗತಿ ಎಕ್ಸ್ ೯.೦. ಭಾರತದಲ್ಲಿ ಅದೇ ದಿನ ಸಾಯಂಕಾಲ ೫-೪೮. ಸೂರ್ಯಾಸ್ತದ ಸಮೀಪ, ಬಾಧೆ ಕಡಿಮೆ.

ಈ ಐದರಲ್ಲಿ ಬಲದಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಎರಡನೆಯದೇ ಕರ್ನಾಟಕದ ಹಗಲಿಗೆ ನೇರವಾಗಿ ಬಿದ್ದಿತೆಂಬುದು ಗಮನಿಸತಕ್ಕ ವಿಷಯ. ತರಗತಿಯನ್ನು ಮಾತ್ರ ನೋಡಿ ವೇಳೆಯನ್ನು ನೋಡದವನು ತಪ್ಪು ನಿರ್ಣಯಕ್ಕೆ ಬರುವನು.

ಇನ್ನೂ ಒಂದು ಸೂಕ್ಷ್ಮವುಂಟು. ಹಗಲಿರುಳು ಸಮನಾಗುವ ಕಾಲಗಳ ಸಮೀಪದಲ್ಲಿ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಹಿಂದುಮುಂದಿನ ಕೆಲವು ವಾರಗಳಲ್ಲಿ, ಗೋಸ್ ಉಪಗ್ರಹವು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಭೂಮಿಯ ನೆರಳಿನೊಳಗೆ ಹೋಗುತ್ತದೆ. ಆಗ ಅದಕ್ಕೆ ಸೂರ್ಯನು ಕಾಣಿಸುವುದಿಲ್ಲ. ತಖ್ತೆಯಲ್ಲಿ ಸಾಲು ಇಲ್ಲದಿರುವುದೆಲ್ಲ ಸೂರ್ಯನು ಶಾಂತನಾಗಿದ್ದನೆಂಬುದಕ್ಕೆ ಸಾಕ್ಷಿಯಲ್ಲ. ಎರಡನೆಯ ಉಪಗ್ರಹದ ಲೆಕ್ಕವನ್ನೂ ನೋಡಿ ಹೇಳಬೇಕು.

ಎರಡು ನಿದರ್ಶನಗಳು

೨೦೨೪ನೆಯ ಇಸವಿ ಫೆಬ್ರವರಿ ೨೨ರಂದು ಅಮೆರಿಕಾದ ದೊಡ್ಡ ದೂರವಾಣಿ ಕಂಪೆನಿಯೊಂದರ ಮೊಬೈಲ್ ಸಂಪರ್ಕವು ದೇಶದ ಉದ್ದಗಲಕ್ಕೂ ಹಲವು ಘಂಟೆಗಳ ಕಾಲ ನಿಂತುಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಎರಡು ಎಕ್ಸ್ ತರಗತಿಯ ಜ್ವಾಲೆಗಳು ಎದ್ದಿದ್ದುದರಿಂದ ಸೂರ್ಯನೇ ಕಾರಣನೆಂದು ಜನರು ಆಡಿಕೊಂಡರು. ತಖ್ತೆಯನ್ನು ನೋಡಿದವರಿಗೆ ಬೇರೆಯ ಸಂಗತಿಯು ಕಂಡಿತು. ಎರಡನೆಯ ಜ್ವಾಲೆಯ ಅತ್ಯುಚ್ಚವು ಸಾರ್ವತ್ರಿಕ ಕಾಲ ೬-೩೨. ಆಗ ಅಮೆರಿಕಾದಲ್ಲಿ ರಾತ್ರಿ. ಸಂಪರ್ಕವು ಕೆಟ್ಟದ್ದು ಅದಾದ ಎರಡು ಘಂಟೆಗಳಿಗೂ ಹೆಚ್ಚು ಕಾಲದ ಮೇಲೆ. ಮೊಬೈಲ್ ಫೋನು ನೆಲದ ಮೇಲಿನ ಗೋಪುರಗಳೊಡನೆ ಮಾತಾಡತಕ್ಕದ್ದಾದುದರಿಂದ ಅಯಾನುಮಂಡಲದ ಗೊಡವೆಯೂ ಅದಕ್ಕೆ ಇಲ್ಲ. ಅದೇ ವರ್ಷ ಜುಲೈ ತಿಂಗಳಲ್ಲಿ ಅಲ್ಲಿಯ ಸರ್ಕಾರದ ಸಂಪರ್ಕ ಆಯೋಗವು ವಿಚಾರಣೆಯ ವರದಿಯನ್ನು ಪ್ರಕಟಿಸಿ, ಜಾಲದ ಒಂದು ಅಂಗವನ್ನು ತಪ್ಪಾಗಿ ಹೊಂದಿಸಿದುದೇ ಕಾರಣವೆಂದು ತಿಳಿಸಿತು. ಮನುಷ್ಯನ ತಪ್ಪನ್ನು ಸೂರ್ಯನ ಮೇಲೆ ಹೊರಿಸಲು ಹೊರಟಿದ್ದ ಮಾತು ಹೀಗೆ ಬಿದ್ದುಹೋಯಿತು.

ಎರಡನೆಯ ನಿದರ್ಶನವು ಇದಕ್ಕೆ ವಿರುದ್ಧವಾದುದು. ಬೇಸಾಯಕ್ಕೆ ನೇರವಾಗಿ ಸಂಬಂಧಪಟ್ಟುದು. ಅದೇ ವರ್ಷ ಮೇ ತಿಂಗಳಿನಲ್ಲಿ ಅಮೆರಿಕಾದ ಮಧ್ಯಪ್ರಾಂತಗಳಲ್ಲಿ ಮುಸುಕಿನ ಜೋಳದ ಬಿತ್ತನೆಯು ಭರದಿಂದ ಸಾಗುತ್ತಿದ್ದಿತು. ಅಲ್ಲಿಯ ಟ್ರ್ಯಾಕ್ಟರುಗಳು ಉಪಗ್ರಹದ ಸಂಕೇತವನ್ನು ಹಿಡಿದು, ಗೊತ್ತಾದ ಒಂದು ಸ್ಥಿರ ಸ್ಥಳದಿಂದ ಬರುವ ತಿದ್ದುಪಡಿಯ ಸಹಾಯದಿಂದ ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸದೊಳಗೆ ಸಾಲು ಹಿಡಿಯುತ್ತವೆ. ಮೇ ೧೦ ಮತ್ತು ೧೧ರಂದು ಮಹಾ ಕಾಂತಕ್ಷೋಭೆಯೊಂದು ಬಂದಿತು. ೨೦೦೩ರ ತರುವಾಯ ಆ ಮಟ್ಟದ್ದು ಇದೇ ಮೊದಲು. ಟ್ರ್ಯಾಕ್ಟರುಗಳು ದಾರಿ ತಪ್ಪಿದುದರಿಂದ ಅನೇಕ ರೈತರು ಬಿತ್ತನೆಯನ್ನು ನಿಲ್ಲಿಸಬೇಕಾಯಿತು. ಬಿತ್ತಿದ ಸಾಲನ್ನು ಯಂತ್ರವು ನೆನಪಿಟ್ಟುಕೊಂಡು ಮುಂದಿನ ಕೆಲಸಗಳನ್ನೂ ಅದೇ ಸಾಲಿನ ಮೇಲೆ ನಡಸುವುದರಿಂದ, ಕ್ಷೋಭೆಯ ಹೊತ್ತಿನಲ್ಲಿ ಬಿತ್ತಿದ ಸಾಲುಗಳು ಮುಂದೆ ಹೊಂದದೆ ಹೋಗಬಹುದೆಂಬ ಭಯವೂ ಇದ್ದಿತು.

ಬಿತ್ತನೆಯು ಕೆಟ್ಟ ಘಂಟೆಯಲ್ಲಿ ಜ್ವಾಲೆಯ ತಖ್ತೆಯಲ್ಲಿ ಏನಿದ್ದಿತೆಂದು ಮಾತ್ರ ನೋಡಿದ್ದರೆ ಕಾರಣವು ತಿಳಿಯುತ್ತಿರಲಿಲ್ಲ. ಮೇ ೮ರಿಂದ ಒಂದೇ ಕಲೆಗಳ ಗುಂಪಿನಿಂದ ಒಂದರ ಹಿಂದೆ ಒಂದು ಎದ್ದ ಎಕ್ಸ್ ತರಗತಿಯ ಜ್ವಾಲೆಗಳೊಡನೆ ಹೊರಟ ದ್ರವ್ಯರಾಶಿಗಳು ಎರಡು ದಿನಗಳ ಮೇಲೆ ಬಂದು ತಾಗಿದ್ದವು. ಆದುದರಿಂದ ತಖ್ತೆಯನ್ನು ನೋಡುವವರು ಕೆಲಸ ಕೆಟ್ಟ ವೇಳೆಯ ಸಾಲನ್ನು ನೋಡಿದುದಲ್ಲದೆ ಹಿಂದಿನ ಮೂರು ದಿನಗಳ ಸಾಲುಗಳನ್ನೂ ಅವಶ್ಯವಾಗಿ ನೋಡಬೇಕು. ಅದರ ಜೊತೆಗೆ ಕೆಪಿ ಎಂಬ ಕಾಂತಸೂಚಿಯನ್ನೂ ತರಿಸಬೇಕು. ಇದು ಸೊನ್ನೆಯಿಂದ ೯ರವರೆಗೆ ಇರುತ್ತದೆ. ೫ ಮತ್ತು ಅದಕ್ಕೆ ಮೇಲ್ಪಟ್ಟುದು ಕ್ಷೋಭೆಯೆನಿಸುತ್ತದೆ. ಬೋಲ್ಡರ್ ಕೇಂದ್ರದವರೇ ಇದನ್ನೂ ಪ್ರಕಟಿಸುತ್ತಾರೆ.

ಹೊಲದ ಕೆಲಸಕ್ಕೆ ಅನ್ವಯಿಸುವ ಬಗೆ

ಜ್ವಾಲೆಯ ನೇರವಾದ ಬಾಧೆಯು ಹೆಚ್ಚಾಗಿ ಕಾಣುವುದು ಹ್ರಸ್ವತರಂಗದ ರೇಡಿಯೋ ಸಂಪರ್ಕದಲ್ಲಿ. ೨೦೧೭ನೆಯ ಇಸವಿ ಸೆಪ್ಟೆಂಬರ್ ೬ರಂದು ಎಕ್ಸ್ ೯.೩ ಜ್ವಾಲೆಯು ಎದ್ದಾಗ, ಚಂಡಮಾರುತಕ್ಕೆ ಸಿಕ್ಕಿದ್ದ ಕೆರಿಬಿಯನ್ ದ್ವೀಪಗಳ ತುರ್ತು ರೇಡಿಯೋ ಸಂಪರ್ಕವು ಕೆಟ್ಟಿತ್ತು. ಉಪಗ್ರಹ ಅಳತೆಯ ಯಂತ್ರಕ್ಕೆ ಜ್ವಾಲೆಯಿಂದ ನೇರವಾಗಿ ಆಗುವ ಕೆಡಕು ಸಾಮಾನ್ಯವಾಗಿ ಅಲ್ಪ. ಆದರೆ ಕೆಲವು ಜ್ವಾಲೆಗಳೊಡನೆ ರೇಡಿಯೋ ಸ್ಫೋಟವು ಸೇರಿದ್ದರೆ ಆ ಸದ್ದಿನಲ್ಲಿ ಉಪಗ್ರಹದ ಸಂಕೇತವು ಮುಳುಗಿಹೋಗುತ್ತದೆ. ೨೦೦೬ರ ಡಿಸೆಂಬರ್ ೬ರಂದು ಎಕ್ಸ್ ೬.೫ ತರಗತಿಯ ಜ್ವಾಲೆಯೊಡನೆ ಇಂತಹ ಸ್ಫೋಟವು ಬಂದು ಹಗಲಿನ ಪಾಲಿನಲ್ಲಿದ್ದ ಯಂತ್ರಗಳನ್ನು ಕೆಡಿಸಿತು. ೨೦೧೫ರ ನವೆಂಬರ್ ೪ರಂದು ಸ್ವೀಡನ್ ದೇಶದ ವಿಮಾನಗಳ ಸಂಚಾರಕ್ಕೆ ಅಡ್ಡಿಯಾದುದು ಕೇವಲ ಎಂ ತರಗತಿಯ ಜ್ವಾಲೆಯೊಡನೆ ಬಂದ ರೇಡಿಯೋ ಸ್ಫೋಟದಿಂದ. ಆದುದರಿಂದ ಕ್ಷ-ಕಿರಣದ ತರಗತಿಯೊಂದನ್ನೇ ಅಪಾಯದ ಅಳತೆಗೋಲೆಂದು ಭಾವಿಸಕೂಡದು.

ದಕ್ಷಿಣ ಭಾರತಕ್ಕೆ ವಿಶೇಷವಾದ ಇನ್ನೊಂದು ಕಾರಣವೂ ಉಂಟು. ಭೂಮಿಯ ಕಾಂತಮಧ್ಯರೇಖೆಯು ಭಾರತದ ದಕ್ಷಿಣ ತುದಿಯ ಸಮೀಪದಲ್ಲಿ ಹಾಯುವುದರಿಂದ, ಈ ಕಡೆಯ ಅಯಾನುಮಂಡಲವು ಸೂರ್ಯಾಸ್ತದ ತರುವಾಯ ನಡುರಾತ್ರಿಯವರೆಗೆ ತಾನಾಗಿಯೇ ಒಡೆದ ಮೊಸರಿನಂತೆ ಗಡ್ಡೆಗಟ್ಟಿ ಸಂಕೇತವನ್ನು ನಡುಗಿಸುವುದುಂಟು. ಸೂರ್ಯನ ಕಲೆಗಳು ಹೆಚ್ಚಾದ ವರ್ಷಗಳಲ್ಲಿ, ಅದರಲ್ಲಿಯೂ ಮಾರ್ಚ್ ಏಪ್ರಿಲ್ ಮತ್ತು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಇದು ಹೆಚ್ಚು. ಇದಕ್ಕೆ ಆ ದಿನ ಜ್ವಾಲೆ ಎದ್ದಿರಬೇಕೆಂಬ ನಿಯಮವಿಲ್ಲ.

ಈ ಕಾರಣಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಎಲ್ಲೆಯ ಅಳತೆ ನಡೆಯುವಾಗ ಗ್ರಾಮದ ಮುಖಂಡರು ಕೆಳಗಿನ ಕ್ರಮವನ್ನು ಅನುಸರಿಸುವಂತೆ ನೋಡಿಕೊಳ್ಳಬಹುದು. ಮೊದಲು, ಅಳತೆಯ ತಾರೀಖಿನೊಡನೆ ಪ್ರತಿ ಬಾಂದಿನ ಬಳಿಯ ವೇಳೆಯನ್ನೂ ಘಂಟೆ ನಿಮಿಷಗಳ ಸಹಿತ ಬರೆಯಿಸಬೇಕು. ವೇಳೆಯಿಲ್ಲದ ಅಳತೆಗೆ ಯಾವ ತಖ್ತೆಯನ್ನೂ ಹೋಲಿಸುವುದಕ್ಕಾಗದು. ಎರಡನೆಯದಾಗಿ, ಯಾರ ವಿವಾದಕ್ಕೂ ಸೇರದ, ಸ್ಥಾನವು ಮೊದಲೇ ಗೊತ್ತಿರುವ ಒಂದು ಸ್ಥಿರವಾದ ಗುರುತನ್ನು ಕೆಲಸದ ಆರಂಭದಲ್ಲಿಯೂ ಕೊನೆಯಲ್ಲಿಯೂ ಅಳೆಯಿಸಬೇಕು. ಎರಡು ಸಲವೂ ಅದೇ ಅಂಕಿ ಬಂದರೆ, ಜ್ವಾಲೆ ಎದ್ದಿದ್ದರೂ ಆ ಅಳತೆಯನ್ನು ಅದರ ನೆಪದಿಂದ ತಳ್ಳಿಹಾಕುವುದಕ್ಕೆ ಕಾರಣವಿಲ್ಲ. ಅಂಕಿಯು ಬೇರೆಯಾದರೆ, ಜ್ವಾಲೆ ಎದ್ದಿಲ್ಲದಿದ್ದರೂ ಆ ಅಳತೆಯನ್ನು ಇನ್ನೊಂದು ದಿನ ಇನ್ನೊಂದು ಹೊತ್ತಿನಲ್ಲಿ ಪುನಃ ಮಾಡಿಸುವುದು ನ್ಯಾಯ. ಮೂರನೆಯದಾಗಿ, ಸಂದೇಹವು ಹುಟ್ಟಿದ ವಾರದೊಳಗೆ ಜ್ವಾಲೆಗಳ ಪಟ್ಟಿಯನ್ನೂ ಕೆಪಿ ಸೂಚಿಯನ್ನೂ ತರಿಸಿ ಎರಡು ಪಕ್ಷದವರಿಗೂ ಓದಿಹೇಳಬೇಕು. ಡ್ರೋನು ನಡಸುವವರು ಹಾರಿಸುವುದಕ್ಕೆ ಮುಂಚೆಯೇ ಕೆಪಿ ಸೂಚಿಯನ್ನು ನೋಡಿಕೊಂಡು, ಕ್ಷೋಭೆ ಇದ್ದರೆ ಕೆಲಸವನ್ನು ಮುಂದಕ್ಕೆ ಹಾಕುವುದು ಲೇಸು.

ಸಾಧನವು ಹೇಳಲಾರದ ಮಾತುಗಳು

ಈ ತಖ್ತೆಯು ಆದುದನ್ನು ಹೇಳುತ್ತದೆ, ಆಗಲಿರುವುದನ್ನು ಹೇಳುವುದಿಲ್ಲ. ಜ್ವಾಲೆಯ ಬೆಳಕಿಗಿಂತ ಮುಂಚಿತವಾಗಿ ಅದರ ಸುದ್ದಿಯು ಬರುವ ಮಾರ್ಗವೂ ಇಲ್ಲ. ಮುನ್ಸೂಚನೆಗಳು ಬೇರೆಯಾಗಿ ಪ್ರಕಟವಾಗುವುವಾದರೂ ಅವು ಸಂಭವವನ್ನು ಹೇಳುವುವೇ ಹೊರತು ನಿಶ್ಚಯವನ್ನಲ್ಲ.

ಮಳೆ ಬೆಳೆಗಳ ವಿಷಯದಲ್ಲಿಯಂತೂ ಈ ತಖ್ತೆಯಿಂದ ಏನನ್ನೂ ಊಹಿಸಕೂಡದು. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು ಮದರಾಸು ಸೀಮೆಗಳನ್ನು ಹಾಳುಮಾಡುತ್ತಿದ್ದ ೧೮೭೭ನೆಯ ಇಸವಿಯಲ್ಲಿ, ಹಂಟರ್ ಎಂಬ ಆಂಗ್ಲ ಅಧಿಕಾರಿಯು ಸೂರ್ಯನ ಕಲೆಗ��� ಹನ್ನೊಂದು ವರ್ಷದ ಚಕ್ರಕ್ಕೂ ದಕ್ಷಿಣ ಭಾರತದ ಬರಗಾಲಕ್ಕೂ ಸಂಬಂಧವುಂಟೆಂದು ಗ್ರಂಥವನ್ನು ಪ್ರಕಟಿಸಿದನು. ಬರದ ಮುನ್ಸೂಚನೆ ದೊರೆಯಬಹುದೆಂಬ ಆಶೆಯಿಂದ ಅನೇಕರು ಅದನ್ನು ನಂಬಿದರು. ಆದರೆ ಅನಂತರದ ವರ್ಷಗಳಲ್ಲಿ ಮಳೆಯು ಆ ಎಣಿಕೆಗೆ ಒಳಪಟ್ಟು ನಡೆಯಲಿಲ್ಲ. ೨೦೦೩ರ ಅಕ್ಟೋಬರ್ ೨೮ರ ಮಹಾಜ್ವಾಲೆಯಲ್ಲಿಯೂ ಸೂರ್ಯನ ಒಟ್ಟು ಪ್ರಕಾಶವು ಹೆಚ್ಚಿದ್ದು ಹತ್ತು ಸಾವಿರದಲ್ಲಿ ಮೂರು ಪಾಲಿಗಿಂತ ಕಡಿಮೆ. ತೆಳುವಾದ ಮೋಡವೊಂದು ಹಾಯ್ದುಹೋದರೂ ಹೊಲದ ಮೇಲಿನ ಬಿಸಿಲು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಡಿಮೆಯಾಗುತ್ತದೆ. ಆದಕಾರಣ ಜ್ವಾಲೆಯ ಬಾಧೆಯಿಂದ ಬೆಳೆಯನ್ನು ಕಾಪಾಡುವುದಾಗಿ ಹೇಳಿ ಔಷಧವನ್ನೋ ಯಂತ್ರವನ್ನೋ ಮಾರಲು ಬರುವವರ ಮಾತಿಗೆ ರೈತರು ಕಿವಿಗೊಡಬಾರದು.

ಕನ್ನಡನಾಡಿನಲ್ಲಿ ನಡೆದಿರುವ ಕೆಲಸ

ಈ ಲೆಕ್ಕವೆಲ್ಲ ಪರದೇಶದವರ ಕೈಯಲ್ಲಿಯೇ ಇದೆಯೆಂದು ತಿಳಿಯಬೇಕಾಗಿಲ್ಲ. ಭಾರತದ ಆದಿತ್ಯ-ಎಲ್೧ ನೌಕೆಯು ೨೦೨೩ರ ಸೆಪ್ಟೆಂಬರ್ ೨ರಂದು ಶ್ರೀಹರಿಕೋಟೆಯಿಂದ ಹೊರಟು, ೨೦೨೪ರ ಜನವರಿ ೬ರಂದು ಭೂಮಿಯಿಂದ ೧೫ ಲಕ್ಷ ಕಿಲೋಮೀಟರು ದೂರದ ನೆಲೆಯನ್ನು ಸೇರಿತು. ಅದರಲ್ಲಿ ಜ್ವಾಲೆಗಳ ಕ್ಷ-ಕಿರಣವನ್ನು ಅಳೆಯುವ ಸೋಲೆಕ್ಸ್ ಮತ್ತು ಹೀಲಿಯೋಸ್ ಎಂಬ ಎರಡು ಉಪಕರಣಗಳು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು. ಆ ನೆಲೆಯಲ್ಲಿ ಭೂಮಿಯ ನೆರಳು ಅಡ್ಡಬರುವುದಿಲ್ಲವಾದುದರಿಂದ ಸೂರ್ಯನನ್ನು ಗ್ರಹಣದ ಮರೆಯಿಲ್ಲದೆ ನೋಡಬಹುದು. ಅದರ ದತ್ತಾಂಶವನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋ ಸಂಸ್ಥೆಯ ದತ್ತಾಂಶ ಕೇಂದ್ರದಲ್ಲಿ ಇಟ್ಟು, ಪ್ರದಾನ್ ಎಂಬ ದ್ವಾರದ ಮೂಲಕ ಕೇಳಿದವರಿಗೆ ಕೊಡಲಾಗುತ್ತದೆ. ಸೂರ್ಯನ ರೇಡಿಯೋ ತರಂಗಗಳನ್ನು ಗೌರಿಬಿದನೂರಿನ ವೀಕ್ಷಣಾಲಯದಲ್ಲಿ ಹಲವು ದಶಕಗಳಿಂದ ಗಮನಿಸುತ್ತಲಿದ್ದಾರೆ. ಊರಿನ ವಿದ್ಯಾರ್ಥಿಗಳು ಈ ಸಾಧನಗಳನ್ನು ನಡಸುವುದನ್ನು ಕಲಿತರೆ ಗ್ರಾಮಕ್ಕೆ ಬೇಕಾದ ಹೊತ್ತಿನಲ್ಲಿ ಹೊರಗಿನವರನ್ನು ಕಾಯಬೇಕಾದ ಪ್ರಮೇಯವಿರುವುದಿಲ್ಲ.

ಮುಖ್ಯಾಂಶಗಳು

೧. ಅಳತೆಯ ತಾರೀಖು, ಘಂಟೆ, ನಿಮಿಷಗಳನ್ನು ತಪ್ಪದೆ ಬರೆದಿಡತಕ್ಕದ್ದು.

೨. ಏಳು ದಿನಗಳ ಪಟ್ಟಿಯು ಇಳಿದುಹೋಗುವುದಕ್ಕೆ ಮುಂಚೆ ತರಿಸಿಕೊಳ್ಳತಕ್ಕದ್ದು. ತಡವಾದರೆ ಭಂಡಾರದಿಂದ ಫೈಡೋ ಮೂಲಕ ತರಿಸತಕ್ಕದ್ದು.

೩. ತಖ್ತೆಯ ವೇಳೆಗೆ ೫ ಘಂಟೆ ೩೦ ನಿಮಿಷ ಕೂಡಿಸಿ, ಆಗ ಇಲ್ಲಿ ಹಗಲೋ ರಾತ್ರಿಯೋ ನೋಡತಕ್ಕದ್ದು.

೪. ಎಂ ೧ಕ್ಕಿಂತ ಕೆಳಗಿನ ಜ್ವಾಲೆಗಳನ್ನು ಬಿಟ್ಟುಬಿಡಬಹುದು.

೫. ಹಿಂದಿನ ಮೂರು ದಿನಗಳ ಜ್ವಾಲೆಗಳನ್ನೂ ಕೆಪಿ ಸೂಚಿಯನ್ನೂ ಒಟ್ಟಿಗೆ ನೋಡತಕ್ಕದ್ದು.

೬. ಸ್ಥಿರವಾದ ಗುರುತಿನ ಮೇಲೆ ಎರಡು ಸಲ ಮಾಡಿದ ಅಳತೆಯೇ ಪ್ರಬಲವಾದ ಸಾಕ್ಷಿ. ಜ್ವಾಲೆಯ ತಖ್ತೆಯು ಅದಕ್ಕೆ ಪೋಷಕವಾದುದು ಮಾತ್ರ.

೭. ಮಳೆ, ಬೆಳೆ, ರೋಗಗಳಿಗೆ ಈ ತಖ್ತೆಯನ್ನು ಅನ್ವಯಿಸಕೂಡದು.

ಎಲ್ಲೆಯ ವಿವಾದದಲ್ಲಿ ಅಳೆದವನ ಮೇಲೆ ಸುಳ್ಳು ದೂರು ಬರುವುದೂ ಅನ್ಯಾಯ; ತಪ್ಪಿದ ಅಳತೆಗೆ ಸೂರ್ಯನ ನೆಪವನ್ನು ಹೇಳಿ ನೆರೆಯವನ ನೆಲವನ್ನು ಒತ್ತುವುದೂ ಅನ್ಯಾಯ. ಇವೆರಡನ್ನೂ ತಡೆಯುವುದಕ್ಕೆ, ವೇಳೆಯನ್ನು ಬರೆದಿಟ್ಟ ಒಂದು ಮಹಜರೂ ಅದರೊಡನೆ ಇಟ್ಟ ಒಂದು ತಖ್ತೆಯೂ ಬಹಳ ಮಟ್ಟಿಗೆ ಸಹಾಯಕವಾಗುವುವು.